ಮೂರನೇ ಕ್ಲಾಸಿನ ಮಗನ ಸಿರಿಂಜ್ ಜೆಸಿಬಿ ಪ್ರಾಜೆಕ್ಟ್, ರಜೆಯ ನಡುವೆ ನಾಲ್ಕು ದಿನ ಊರು: ಹೇಗೆ ಮಾಡಿಸುವುದು?

ದಸರಾ ರಜೆ ಮುಗಿಸಿ ಬರುವಾಗ ‘ವರ್ಕಿಂಗ್ ಮಾಡೆಲ್’ ತರಬೇಕೆಂದು ಶಾಲೆಯಲ್ಲಿ ಹೇಳಿದ್ದಾರೆ, ಮಗ ಸಿರಿಂಜ್ ಜೆಸಿಬಿಯೇ (ಕೈಯಲ್ಲಿ ಒಂದು ಸಿರಿಂಜ್ ಒತ್ತಿದರೆ ಪೈಪಿನ ನೀರು ಇನ್ನೊಂದು ಸಿರಿಂಜನ್ನು ತಳ್ಳಿ ತೋಳು ಎತ್ತುವ ರಟ್ಟಿನ ಜೆಸಿಬಿ) ಆಗಬೇಕೆಂದು ಹಠ ಹಿಡಿದಿದ್ದಾನೆ, ನಡುವೆ ನಾಲ್ಕು ದಿನ ಅಜ್ಜಿ ಮನೆಗೂ ಹೋಗಬೇಕು, ರೆಡಿ ಕಿಟ್ ತಂದುಬಿಡಲೇ ಎಂದು ಕೇಳಿದ್ದೀರಿ.

ಕಿಟ್ ಬೇಡ. ದುಡ್ಡಿನ ಪ್ರಶ್ನೆಯಲ್ಲ. ಕಿಟ್‌ನಲ್ಲಿ ಎಲ್ಲ ತುಂಡೂ ಕತ್ತರಿಸಿಯೇ ಬಂದಿರುತ್ತದೆ, ಸ್ಕ್ರೂ ಚಿಕ್ಕದು, ಎಂಟು ವರ್ಷದ ಕೈಗೆ ಸಿಗುವುದಿಲ್ಲ. ಕೊನೆಗೆ ಅಪ್ಪನೋ ಅಮ್ಮನೋ ಕೂತು ಜೋಡಿಸುತ್ತಾರೆ. ಶಾಲೆಯಲ್ಲಿ ಪೈಪ್ ಕಳಚಿಕೊಂಡರೆ ಮಗು ಪೆಚ್ಚಾಗಿ ನಿಲ್ಲುತ್ತದೆ. ಈ ಮಾಡೆಲ್‌ಗೆ ನಾನು ಇಡುವ ಅಳತೆ ಒಂದೇ: ನೀರು ಸೋರಿದರೆ ಹುಡುಗ ತಾನೇ ಮತ್ತೆ ತುಂಬಿ ಓಡಿಸಬಲ್ಲನೇ? ಬಲ್ಲ ಎಂದಾದರೆ ಅದು ಅವನ ಪ್ರಾಜೆಕ್ಟ್. ರಟ್ಟು ಸೊಟ್ಟಗಿದ್ದರೂ ಪರವಾಗಿಲ್ಲ.

ಹಾಗಾಗಿ ಚಲನೆ ಎರಡೇ ಇರಲಿ: ತೋಳು ಏಳಬೇಕು, ಬಕೆಟ್ ಮಗುಚಬೇಕು. ಯೂಟ್ಯೂಬ್‌ನಲ್ಲಿ ಕಾಣುವ ನಾಲ್ಕು ಚಲನೆಯ, ಸುತ್ತ ತಿರುಗುವ ಮಾಡೆಲ್ ಈ ವಯಸ್ಸಿಗೆ ಬೇಡ. ಪೈಪ್ ಹೆಚ್ಚಾದಷ್ಟೂ ಸೋರುವ ಜಾಗ ಹೆಚ್ಚು.

ತರಬೇಕಾದ್ದು ಇಷ್ಟು. 10 ಎಂ.ಎಲ್. ಸಿರಿಂಜ್ ಐದು, 5 ಎಂ.ಎಲ್. ಮೂರು (ಮಾಡೆಲ್‌ಗೆ ಎರಡೆರಡು ಸಾಕು, ಒಂದೊಂದು ಹೆಚ್ಚಿಗೆ, 10ರಲ್ಲಿ ಉಳಿದೆರಡು ಶಾಲೆಯಲ್ಲಿ ಮಕ್ಕಳು ಒತ್ತಿ ನೋಡಲು). ಬಾಯಿಗೆ ತಿರುಪು ಇರುವ ಲಾಕ್ ಸಿರಿಂಜ್ ಬೇಡ, ಅದಕ್ಕೆ ಪೈಪ್ ಬಿಗಿಯಾಗಿ ಕೂರುವುದಿಲ್ಲ. ಬರೀ ಮೂತಿ ಇರುವುದನ್ನೇ ಕೇಳಿ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಏರ್ ಪೈಪ್ ಒಂದೂವರೆ ಮೀಟರ್. ಅದರ ಒಳಗಿನ ಅಗಲ ಸುಮಾರು 4 ಮಿ.ಮೀ., ಸಿರಿಂಜ್ ಮೂತಿಗೆ ಸರಿಯಾಗಿ ಕಚ್ಚಿಕೊಳ್ಳುತ್ತದೆ. 3 ಮಿ.ಮೀ. ದಪ್ಪದ ಬಿದಿರು ಕಡ್ಡಿ, ಚಿಕ್ಕ ಕೇಬಲ್ ಟೈ ಹತ್ತು, ದಪ್ಪ ಜೆಮ್ ಕ್ಲಿಪ್, ಫೆವಿಕಾಲ್, ಫುಡ್ ಕಲರ್. ರಟ್ಟಿಗೆ ಮನೆಗೆ ಪಾರ್ಸೆಲ್ ಬಂದ ಪೆಟ್ಟಿಗೆ ಸಾಕು.

ಸೂಜಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೆಡಿಕಲ್ ಅಂಗಡಿಯಲ್ಲಿ ಸೂಜಿ ಇಲ್ಲದ ಸಿರಿಂಜ್ ಕೇಳಿ. ಜೊತೆಗೇ ಬಂದರೆ ಮಗನ ಕಣ್ಣಿಗೆ ಬೀಳುವ ಮೊದಲೇ ತೆಗೆದು, ಕ್ಯಾಪ್ ಸಮೇತ ಗಟ್ಟಿ ಡಬ್ಬಿಗೆ ಹಾಕಿ ಪರಿಚಯದ ಕ್ಲಿನಿಕ್‌ಗೆ ಕೊಡಿ. ಕಸದ ಚೀಲಕ್ಕೆ ಹಾಕಿದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಮನೆಯಲ್ಲಿ ಯಾರಿಗೋ ಬಳಸಿದ ಸಿರಿಂಜನ್ನು ತೊಳೆದು ಕೊಡುವುದಂತೂ ಬೇಡವೇ ಬೇಡ.

ಇನ್ನು ರಜೆಯ ಲೆಕ್ಕ. ಊರಿಗೆ ಹೋಗುವ ಮುನ್ನ ಸಾಮಾನು ತಂದಿಡಿ, ಆದರೆ ಅಂಟಿಸುವ ಕೆಲಸ ಶುರು ಮಾಡಬೇಡಿ. ಅರ್ಧ ಅಂಟಿಸಿ ಬಿಟ್ಟುಹೋದ ರಟ್ಟು ಬರುವಷ್ಟರಲ್ಲಿ ಬಾಗಿರುತ್ತದೆ. ಊರಿಗೆ ಒಂದು ಡಬ್ಬಿಯಲ್ಲಿ ಎರಡು ಸಿರಿಂಜ್, ಒಂದು ಗೇಣು ಪೈಪ್ ಹಾಕಿಕೊಂಡು ಹೋಗಿ. ಅಜ್ಜಿ ಮನೆಯ ಹಿತ್ತಲಲ್ಲಿ ಬಕೆಟ್ ನೀರಿಟ್ಟು ಬಿಟ್ಟರೆ ಅರ್ಧ ದಿನದ ಆಟ, ಪ್ರಾಜೆಕ್ಟಿನ ಅರ್ಧ ಪಾಠವೂ ಅಲ್ಲೇ ಮುಗಿಯುತ್ತದೆ.

ಆ ಪಾಠ ಹೀಗೆ. ಸಿರಿಂಜ್‌ನಲ್ಲಿ ಬರೀ ಗಾಳಿ ಎಳೆದುಕೊಂಡು ಮೂತಿಯನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ ಒತ್ತಲು ಹೇಳಿ. ದಂಟು (ಸಿರಿಂಜ್‌ನಲ್ಲಿ ಒತ್ತಿ ಎಳೆಯುವ ಭಾಗ) ಒಳಗೆ ಹೋಗುತ್ತದೆ, ಕೈ ಬಿಟ್ಟರೆ ಪುಟಿದು ವಾಪಸ್ ಬರುತ್ತದೆ. ಈಗ ಗುಳ್ಳೆ ಇಲ್ಲದಂತೆ ನೀರು ತುಂಬಿಸಿ ಹಾಗೇ ಒತ್ತಿಸಿ. ಒಂದು ಗೆರೆಯಷ್ಟೂ ಕದಲುವುದಿಲ್ಲ, ಕಲ್ಲು ಒತ್ತಿದ ಹಾಗೆ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ ಎಂದು ನೀವು ಬಾಯಲ್ಲಿ ಹೇಳಬೇಕಾದ್ದಿಲ್ಲ, ಬೆರಳಿಗೇ ಗೊತ್ತಾಗುತ್ತದೆ.

ದಾರಿಯಲ್ಲಿ ರಸ್ತೆ ಕೆಲಸ ಎಲ್ಲಾದರೂ ಕಂಡೇ ಕಾಣುತ್ತದೆ. ನಿಜವಾದ ಜೆಸಿಬಿಯ ತೋಳಿನ ಮೇಲೆ ಕನ್ನಡಿಯಂತೆ ಹೊಳೆಯುವ ಉಕ್ಕಿನ ದಂಟುಗಳಿರುತ್ತವೆ. ತೋಳು ಮಡಚುವಾಗ ಯಾವ ದಂಟು ಹೊರಬರುತ್ತದೆ, ಬಕೆಟ್ ತಿರುಗುವಾಗ ಯಾವುದು ಎಂದು ಲೆಕ್ಕ ಹಾಕಿಸಿ. ದಂಟಿನ ಹೊರತುದಿಯಲ್ಲೂ ಅದು ಹೊರಬರುವ ಕೊಳವೆಯ (ಸಿಲಿಂಡರ್) ಹಿಂತುದಿಯಲ್ಲೂ ಪಿನ್ ಇದ್ದು, ಇಡೀ ಸಿಲಿಂಡರ್ ಸ್ವಲ್ಪ ಓಲಾಡುವುದನ್ನು ಮರೆಯದೆ ತೋರಿಸಿ. ನಿಮ್ಮ ಮಾಡೆಲ್ ನಡೆಯುವುದೂ ಕೈಕೊಡುವುದೂ ಅದೊಂದರ ಮೇಲೆಯೇ.

ವಾಪಸ್ ಬಂದ ಮೇಲೆ ಮೂರು ದಿನ ಬೇಕು: ಒಂದು ದಿನ ಕತ್ತರಿಸಿ ಅಂಟಿಸಲು, ಒಂದು ದಿನ ಒಣಗಲು, ಒಂದು ದಿನ ಜೋಡಿಸಿ ನೀರು ತುಂಬಲು.

ರಟ್ಟನ್ನು ಬದಿಯಿಂದ ನೋಡಿದರೆ ಒಳಗೆ ಅಲೆಅಲೆಯಾದ ಸಾಲು ಕಾಣುತ್ತದೆ. ತೋಳಿನ ಪಟ್ಟಿಯಲ್ಲಿ ಆ ಸಾಲು ಉದ್ದಕ್ಕೆ ಓಡಬೇಕು. ಅಡ್ಡಕ್ಕೆ ಬಂದರೆ ಎರಡನೇ ಸಲ ಎತ್ತುವಾಗಲೇ ಮಡಚಿಕೊಳ್ಳುತ್ತದೆ. ಎಲ್ಲ ತುಂಡನ್ನೂ ಎರಡು ಪದರ ಅಂಟಿಸಿ, ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ.

ಅಳತೆ: ತಳ 30 × 20 ಸೆಂ.ಮೀ. ಅದರ ಮೇಲೆ 16 ಸೆಂ.ಮೀ. ಎತ್ತರ, 6 ಸೆಂ.ಮೀ. ಅಗಲದ ಎರಡು ಕಂಬದ ಹಲಗೆ, ನಡುವೆ 4 ಸೆಂ.ಮೀ. ಜಾಗ. ಕಂಬದ ಬುಡಕ್ಕೆ ಎರಡೂ ಕಡೆ ತ್ರಿಕೋನದ ಒತ್ತು ಕೊಡಿ, ಇಲ್ಲದಿದ್ದರೆ ಓಲಾಡುತ್ತದೆ. ತೋಳು 22 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಎರಡು ಪಟ್ಟಿ, ನಡುವೆ ಎರಡೂವರೆ ಸೆಂ.ಮೀ. ಬಿಟ್ಟು ಅಲ್ಲಲ್ಲಿ ರಟ್ಟಿನ ತುಂಡು ಇಟ್ಟು ಅಂಟಿಸಿ. ಕಂಬದಲ್ಲಿ ತಳದಿಂದ 14 ಸೆಂ.ಮೀ. ಎತ್ತರಕ್ಕೆ ಒಂದು ತೂತು. ತೋಳಿನ ಹಿಂತುದಿಯನ್ನು ಬಿದಿರು ಕಡ್ಡಿಯಿಂದ ಅಲ್ಲಿ ಪೋಣಿಸಿ. ಎರಡನೇ ತೂತು 7 ಸೆಂ.ಮೀ. ಎತ್ತರದಲ್ಲಿ, ಮೊದಲನೆಯದಕ್ಕಿಂತ 2 ಸೆಂ.ಮೀ. ಮುಂದೆ. ಎತ್ತುವ 10 ಎಂ.ಎಲ್. ಸಿರಿಂಜ್ ಕೂರುವುದು ಇಲ್ಲಿ. ಅದರ ದಂಟಿನ ತುದಿ ತೋಳನ್ನು ಹಿಡಿಯುವ ಜಾಗ, ಮೇಲಿನ ಕಡ್ಡಿಯಿಂದ 6 ಸೆಂ.ಮೀ. ದೂರ. ಹೀಗಿಟ್ಟರೆ ದಂಟು ಪೂರ್ತಿ ಒಳಗಿದ್ದಾಗ ತೋಳು ನೆಲದ ಕಡೆ ಬಾಗಿರುತ್ತದೆ, ಪೂರ್ತಿ ಹೊರಬಂದಾಗ ಅಷ್ಟೇ ಮೇಲಕ್ಕೆ ಏಳುತ್ತದೆ, ಒಟ್ಟು ಸುಮಾರು 60 ಡಿಗ್ರಿ.

ಈ 6 ಸೆಂ.ಮೀ. ಅನ್ನು ಹೆಚ್ಚು ಕಡಿಮೆ ಮಾಡಿದರೆ ಏನಾಗುತ್ತದೆ ಎಂದು ಮಗನೇ ನೋಡಲಿ. 3 ಸೆಂ.ಮೀ.ಗೆ ತಂದರೆ ಭಾರ ಎತ್ತಲಾರದೆ ತಡಕಾಡುತ್ತದೆ. 12ಕ್ಕೆ ಒಯ್ದರೆ ಬಲ ಬರುತ್ತದೆ, ಆದರೆ ತೋಳು ಸ್ವಲ್ಪವೇ ಕದಲುತ್ತದೆ. 6ರಲ್ಲಿ ಇಟ್ಟಾಗಲೂ ತೋಳಿನ ತುದಿ ದಂಟಿಗಿಂತ ಮೂರೂವರೆ ಪಟ್ಟು ಹೆಚ್ಚು ದೂರ ಚಲಿಸುತ್ತದೆ. ಅಂದರೆ ಬಕೆಟ್‌ನ ಭಾರ ದಂಟಿಗೆ ಮೂರೂವರೆ ಪಟ್ಟಾಗಿ ಬೀಳುತ್ತದೆ. ಹಾಗಾಗಿ ಬಕೆಟ್‌ಗೆ ಮರಳು, ಜಲ್ಲಿ ಹಾಕಿಸಬೇಡಿ. ಆಯುಧಪೂಜೆಯಲ್ಲಿ ಉಳಿದ ಪುರಿ ಹಾಕಿ. ನೋಡಲು ರಾಶಿ, ತೂಕ ಏನೂ ಇಲ್ಲ.

ಹೆಚ್ಚಿನವರು ತಪ್ಪುವುದು ಸಿರಿಂಜ್ ಕೂರಿಸುವಲ್ಲಿ. ಗಟ್ಟಿಯಾಗಲಿ ಎಂದು ಗ್ಲೂ ಗನ್‌ನಿಂದ ಕಂಬಕ್ಕೇ ಅಂಟಿಸಿಬಿಡುತ್ತಾರೆ. ತೋಳು ಏಳುತ್ತಿದ್ದಂತೆ ದಂಟಿನ ದಿಕ್ಕು ಬದಲಾಗುತ್ತದೆ, ಸಿರಿಂಜ್ ಅದರೊಂದಿಗೆ ವಾಲಲು ಆಗದಿದ್ದರೆ ದಂಟು ಬಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಅಂಟಿಸಬೇಡಿ. ಎರಡನೇ ತೂತಿನಲ್ಲಿ ಕಡ್ಡಿ ಹಾಯಿಸಿ, ಆ ಕಡ್ಡಿಗೆ ಸಿರಿಂಜಿನ ಹೊಟ್ಟೆಯನ್ನು ಎರಡು ಕೇಬಲ್ ಟೈನಿಂದ ಬಿಗಿಯಿರಿ, ಕಡ್ಡಿ ಮಾತ್ರ ತೂತಿನಲ್ಲಿ ಸಲೀಸಾಗಿ ತಿರುಗಬೇಕು. ದಂಟಿನ ತುದಿಯಲ್ಲಿ, ಹೆಬ್ಬೆರಳು ಇಡುವ ಬಿಲ್ಲೆಯ ಕೆಳಗೆ, ಕಾಯಿಸಿದ ದಬ್ಬಳದಿಂದ ನೀವೇ ತೂತು ಮಾಡಿ. ಬಿಡಿಸಿದ ಜೆಮ್ ಕ್ಲಿಪ್ ಅದರಲ್ಲಿ ಹಾಯಿಸಿ ತೋಳಿನ ಎರಡೂ ಪಟ್ಟಿಗೆ ಸಿಕ್ಕಿಸಿ. ದಂಟು ಆಚೀಚೆ ಜಾರದಂತೆ ಎರಡೂ ಬದಿಗೆ ಸ್ಟ್ರಾ ತುಂಡು ಪೋಣಿಸಿ. ಕಡ್ಡಿಗಳ ತುದಿಗೆ ಅಂಟಿನ ಬದಲು ರಬ್ಬರಿನ ಚಿಕ್ಕ ಚೂರು ಚುಚ್ಚಿ, ಬೇಕೆಂದಾಗ ಬಿಚ್ಚಬಹುದು.

ಬಕೆಟ್‌ಗೆ ಜ್ಯೂಸಿನ ಟೆಟ್ರಾಪ್ಯಾಕ್‌ನ ಬುಡವನ್ನು ಓರೆಯಾಗಿ ಕತ್ತರಿಸಿಕೊಳ್ಳಿ. ತೋಳಿನ ತುದಿಯಲ್ಲಿ ಕಡ್ಡಿಯಿಂದ ಪೋಣಿಸಿ, ಕಡ್ಡಿಗಿಂತ 3 ಸೆಂ.ಮೀ. ಮೇಲಕ್ಕೆ ಚಾಚುವಂತೆ ರಟ್ಟಿನ ಕಿವಿ ಅಂಟಿಸಿ. 5 ಎಂ.ಎಲ್. ಸಿರಿಂಜ್ ತೋಳಿನ ಬೆನ್ನ ಮೇಲೆ ಅದೇ ರೀತಿ ತಿರುಗುವ ಕಡ್ಡಿಗೆ ಕಟ್ಟಿ, ದಂಟನ್ನು ಆ ಕಿವಿಗೆ ಸಿಕ್ಕಿಸಿದರೆ ಆಯಿತು.

ಥರ್ಮಾಕೋಲ್‌ನಲ್ಲಿ ಮಾಡಬಹುದೇ ಎಂದೂ ಕೇಳಿದ್ದೀರಿ. ಬೇಡ. ಕಡ್ಡಿಯ ತೂತು ಹತ್ತು ಸಲ ಆಡಿಸುವಷ್ಟರಲ್ಲಿ ದೊಡ್ಡದಾಗುತ್ತದೆ, ಸ್ಪ್ರೇ ಪೇಂಟ್ ಹೊಡೆದರೆ ಕರಗಿಯೇ ಹೋಗುತ್ತದೆ.

ನೀರು ತುಂಬುವುದು ಕೊನೆಗೆ, ಪೂರ್ತಿ ಹುಡುಗನ ಕೈಯಲ್ಲೇ. ತೋಳಿನ ಸಿರಿಂಜಿನ ದಂಟು ಪೂರ್ತಿ ಒಳಗಿರಲಿ. ಪೈಪ್ 40 ಸೆಂ.ಮೀ. ಸಾಕು, ಅಷ್ಟರಲ್ಲೇ ಸುಮಾರು 5 ಎಂ.ಎಲ್. ನೀರು ಹಿಡಿಯುತ್ತದೆ. ಪೈಪಿನ ತುದಿ ಮೂತಿಗೆ ಹೋಗದಿದ್ದರೆ ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಮೆತ್ತಗಾಗುತ್ತದೆ. ಕೈಯಲ್ಲಿ ಹಿಡಿಯುವ ಸಿರಿಂಜ್ ತುಂಬಿ, ಮೂತಿ ಮೇಲೆ ಮಾಡಿ, ಬೆರಳಿನಿಂದ ತಟ್ಟಿ ಗುಳ್ಳೆ ಹೊರಹಾಕಿ. ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯಿಂದ ನೀರು ತೊಟ್ಟಿಕ್ಕುವವರೆಗೆ ಒತ್ತಿ. ಒತ್ತಿದಷ್ಟು ಸಿರಿಂಜ್ ಖಾಲಿಯಾಗಿರುತ್ತದೆ. ಆದ್ದರಿಂದ ಪೈಪಿನ ಆ ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿ ದಂಟು ಎಳೆದರೆ ಪೈಪೂ ಸಿರಿಂಜೂ ಒಟ್ಟಿಗೆ ತುಂಬಿಕೊಳ್ಳುತ್ತವೆ. ಆಮೇಲೆ ತೋಳಿನ ಸಿರಿಂಜ್‌ಗೆ ಸಿಕ್ಕಿಸಿ. ಒಂದು ಕಡೆ ತುಂಬಿದ್ದರೆ ಇನ್ನೊಂದು ಕಡೆ ಖಾಲಿ ಇರಬೇಕು ಎಂಬುದು ಮುಖ್ಯ. ಎರಡನ್ನೂ ತುಂಬಿ ಜೋಡಿಸಿದರೆ ನೀರು ಹೋಗಲು ಜಾಗವಿಲ್ಲದೆ ಒತ್ತಿದ ಕೂಡಲೇ ಪೈಪ್ ಹಾರಿ ಮುಖಕ್ಕೆ ಚಿಮ್ಮುತ್ತದೆ.

ಬಣ್ಣಕ್ಕೆ ಫುಡ್ ಕಲರ್ ಎರಡು ಹನಿ, ತೋಳಿಗೆ ಕೆಂಪು, ಬಕೆಟ್‌ಗೆ ಹಸಿರು ಹೀಗೆ. ಕುಂಕುಮ, ಅರಿಶಿನ ನೀರಿನಲ್ಲಿ ಕರಗುವುದಿಲ್ಲ, ಮೂತಿಯಲ್ಲಿ ಕೂತು ಕಟ್ಟಿಕೊಳ್ಳುತ್ತವೆ.

ಏನಾದರೂ ಕೆಟ್ಟರೆ ಹೀಗೆ ಹುಡುಕಿ. ಒತ್ತಿದ ಮೇಲೆ ತಡವಾಗಿ ಜಿಗಿದು ಏಳುತ್ತಿದೆಯೇ? ಪೈಪಿನಲ್ಲಿ ಗುಳ್ಳೆ ಇದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಇಳಿಸಲು ಎಳೆದಾಗ ಗುಳ್ಳೆ ಒಳಬರುತ್ತಿದೆಯೇ? ಜೋರಾಗಿ ಎಳೆಯುತ್ತಿದ್ದಾನೆ. ಎಳೆದಾಗ ರಬ್ಬರ್ ಬದಿಯಿಂದ, ಪೈಪಿನ ಸಂದಿನಿಂದ ಗಾಳಿ ನುಗ್ಗುತ್ತದೆ. ತೋಳು ಸ್ವಂತ ಭಾರಕ್ಕೇ ಇಳಿಯಲಿ, ಮೆಲ್ಲಗೆ ಜೊತೆ ಕೊಟ್ಟರೆ ಸಾಕು. ಎರಡು ಮೂರು ದಿನದ ನಂತರ ದಂಟು ಅಂಟಿದಂತೆ ಬಿಗಿಯಾದರೆ ಒಂದು ಹನಿ ಗ್ಲಿಸರಿನ್ ಹಾಕಿ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಾಕಬೇಡಿ, ರಬ್ಬರ್ ಉಬ್ಬಿ ಇನ್ನಷ್ಟು ಬಿಗಿಯುತ್ತದೆ. ಇಡೀ ಮಾಡೆಲ್ ಮುಂದಕ್ಕೆ ಮುಗ್ಗರಿಸಿದರೆ ತಳದ ಹಿಂಬದಿಗೆ ಅರ್ಧ ಲೀಟರ್ ನೀರಿನ ಬಾಟಲಿ ಕಟ್ಟಿ.

ಕೆಲಸದ ಪಾಲು: ಕಟರ್, ಕಾದ ದಬ್ಬಳ, ಗ್ಲೂ ಗನ್ ನಿಮ್ಮ ಕೈಯಲ್ಲಿ. ಅಳೆದು ಗೆರೆ ಹಾಕುವುದು, ಫೆವಿಕಾಲ್ ಬಳಿಯುವುದು, ಕಡ್ಡಿ ಪೋಣಿಸುವುದು, ಹಳದಿ ಬಣ್ಣ ಹೊಡೆಯುವುದು, ನೀರು ತುಂಬುವುದು ಅವನದು. ಗೆರೆ ಸೊಟ್ಟ ಬಂದರೆ ರಾತ್ರಿ ಅವನು ಮಲಗಿದ ಮೇಲೆ ತಿದ್ದಬೇಡಿ, ಬೆಳಿಗ್ಗೆ ನೋಡಿದ ತಕ್ಷಣ ಅವನಿಗೆ ಗೊತ್ತಾಗುತ್ತದೆ. ತಿದ್ದಲೇಬೇಕಾದರೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮಿಸ್ ಕೇಳಿದರೆ ಹೇಳಲು ಬಾಯಿಪಾಠದ ಪ್ಯಾರಾ ಬೇಡ. “ನಾನು ಇಲ್ಲಿ ಒತ್ತಿದರೆ ನೀರು ಪೈಪಿನಲ್ಲಿ ಹೋಗಿ ಅಲ್ಲಿನ ದಂಟನ್ನು ತಳ್ಳುತ್ತದೆ. ನೀರು ಕುಗ್ಗುವುದಿಲ್ಲ, ಅದಕ್ಕೇ ತಳ್ಳುತ್ತದೆ. ನಿಜವಾದ ಜೆಸಿಬಿಯಲ್ಲಿ ನೀರಿನ ಬದಲು ಎಣ್ಣೆ ಇರುತ್ತದೆ, ಎಣ್ಣೆಯಿಂದ ತುಕ್ಕು ಹಿಡಿಯುವುದಿಲ್ಲ.” ಇಷ್ಟು ಸಾಕು. ಮುಚ್ಚಿದ ಜಾಗದ ನೀರನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಅಷ್ಟೇ ಹರಡುತ್ತದೆ ಎಂಬ ನಿಯಮವನ್ನು 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಹೇಳಿದ್ದು ಎಂಬುದು ಚಾರ್ಟ್ ಮೇಲೆ ಒಂದು ಸಾಲು ಇದ್ದರೆ ಚೆನ್ನ. ಮೂಲೆಯಲ್ಲಿ ಗಾಳಿ ತುಂಬಿದ ಒಂದು ಸಿರಿಂಜ್, ನೀರು ತುಂಬಿದ ಇನ್ನೊಂದು, ಎರಡರ ಬಾಯಿಗೂ ಫೆವಿಕ್ವಿಕ್‌ನಿಂದ ನೀವೇ ಮುಚ್ಚಿ ಇಡಿ. ನೋಡಲು ಬಂದ ಮಕ್ಕಳು ಒತ್ತಿ ನೋಡಲಿ.

ಸ್ಕೂಲ್ ವ್ಯಾನ್‌ನಲ್ಲಿ ಕಳಿಸುವುದಾದರೆ ತೋಳನ್ನು ಕೆಳಗಿಳಿಸಿ ರಬ್ಬರ್ ಬ್ಯಾಂಡ್ ಹಾಕಿ, ಕೈ ಸಿರಿಂಜ್‌ಗಳನ್ನು ತಳಕ್ಕೆ ಟೇಪ್‌ನಿಂದ ಅಂಟಿಸಿ, ರಟ್ಟಿನ ಪೆಟ್ಟಿಗೆಯಲ್ಲಿ ಸುತ್ತ ಪೇಪರ್ ತುರುಕಿ. ಜೊತೆಗೆ ಒಂದು ಚಿಕ್ಕ ಡಬ್ಬಿ: ಬಣ್ಣದ ನೀರಿನ ಪುಟ್ಟ ಬಾಟಲಿ, ಹೆಚ್ಚಿಗೆ ತಂದ ಎರಡು ಸಿರಿಂಜ್, ಒಂದು ಗೇಣು ಪೈಪ್, ಹಳೇ ಬಟ್ಟೆ. ಆ ಡಬ್ಬಿ ಅವನ ಬ್ಯಾಗಿನಲ್ಲೇ ಇರಲಿ.