ಪಾಪರ್ ಮತ್ತು ಕೂನ್ ಗೊಂದಲದ ಬಗ್ಗೆ

ವಿಜ್ಞಾನದ ತತ್ವಚಿಂತಕರಿಬ್ಬರಲ್ಲಿ, ವಿರುದ್ಧ ಸಾಕ್ಷ್ಯ ಸಿಕ್ಕರೆ ಸಿದ್ಧಾಂತ ಬೀಳುತ್ತದೆ ಎನ್ನುವ ಪಾಪರ್‌ಗೂ, ವಿಜ್ಞಾನಿಗಳು ಅದನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ ಎನ್ನುವ ಕೂನ್‌ಗೂ ತಾಳೆಯಾಗುತ್ತಿಲ್ಲ ಎಂದಿದ್ದೀರಿ. ಇಬ್ಬರದೂ ಒಂದೇ ಪ್ರಶ್ನೆಗೆ ಉತ್ತರವೆಂದು ಓದಿಕೊಂಡಿದ್ದೇ ಬಹುಶಃ ಇದಕ್ಕೆ ಕಾರಣ. ಪಾಪರ್ (1934) ಕೇಳಿದ್ದು ಸಿದ್ಧಾಂತವನ್ನು ಹೇಗೆ ಪರೀಕ್ಷಿಸಬೇಕು ಎಂದು. ಕೂನ್ (1962) ಕೇಳಿದ್ದು ವಿಜ್ಞಾನ ನಿಜವಾಗಿ ಹೇಗೆ ನಡೆದುಬಂದಿದೆ ಎಂದು.

ಮೊದಲು ಹದಿನೆಂಟನೇ ಶತಮಾನದ ತತ್ವಜ್ಞಾನಿ ಹ್ಯೂಮ್‌ನನ್ನು ಓದಿ. ಎಷ್ಟು ಸಲ ಕಂಡದ್ದಾದರೂ ಮುಂದಿನ ಸಲವೂ ಹಾಗೆಯೇ ಆಗುತ್ತದೆ ಎನ್ನಲು ತರ್ಕದ ಆಧಾರವಿಲ್ಲ ಎಂಬ ಅವನ ಗಂಟು ಅರ್ಥವಾಗದೆ ಪಾಪರ್ ಅರ್ಥವಾಗುವುದಿಲ್ಲ. ಆಮೇಲೆ ನಿಮ್ಮ ಕೋಲಾರದ್ದೇ ಉದಾಹರಣೆ ಹಿಡಿಯಿರಿ. 1980ರ ದಶಕದಲ್ಲಿ ಕೆಜಿಎಫ್ ಗಣಿಯಲ್ಲಿ, ಎರಡು ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ, ಕಬ್ಬಿಣದ ತಟ್ಟೆಗಳ ನಡುವೆ ಕಣಗಳನ್ನು ಎಣಿಸುವ ಉಪಕರಣಗಳನ್ನು ಪೇರಿಸಿ, ಪರಮಾಣುವಿನ ಬೀಜದಲ್ಲಿರುವ ಪ್ರೋಟಾನ್ ಎಂಬ ಕಣ ಕ್ಷಯಿಸುತ್ತದೆಯೇ ಎಂದು ವರ್ಷಗಟ್ಟಲೆ ಕಾದರು. ಕ್ಷಯವಿರಬಹುದು ಎನ್ನಿಸುವ ಕೆಲವು ಗುರುತುಗಳು ಸಿಕ್ಕವು. ಇದೇ ಕ್ಷಯವನ್ನು ಹುಡುಕಲು ಅಮೆರಿಕ ಮತ್ತು ಜಪಾನಿನಲ್ಲಿ ಕಟ್ಟಿದ್ದ ಇನ್ನೂ ದೊಡ್ಡ ನೀರಿನ ತೊಟ್ಟಿಗಳಲ್ಲಿ ಅದು ಕಾಣಲಿಲ್ಲ. ಪ್ರಕೃತಿಯ ಬೇರೆ ಬೇರೆ ಬಲಗಳು ಮೂಲದಲ್ಲಿ ಒಂದೇ ಎನ್ನುವ ಏಕೀಕರಣದ ಅತಿ ಸರಳ ಸಿದ್ಧಾಂತ, ಪ್ರೋಟಾನ್ ಕಾಣುವಷ್ಟು ಬೇಗ ಕ್ಷಯಿಸಬೇಕು ಎಂದಿದ್ದರಿಂದ, ಬಿದ್ದುಹೋಯಿತು: ಇದು ಪಾಪರ್. ಏಕೀಕರಣದ ಕಲ್ಪನೆಯನ್ನು ಮಾತ್ರ ಯಾರೂ ಕೈಬಿಡಲಿಲ್ಲ, ತಿದ್ದಿಕೊಂಡು ಮುಂದುವರಿದರು: ಇದನ್ನು ಕೂನ್ ಕಣ್ಣಿನಿಂದ ನೋಡಿ.

ಉತ್ತರ ಬರೆಯುವಾಗ ಇದೇ ಕ್ರಮ ಇಟ್ಟುಕೊಳ್ಳಿ. ಪಾಪರ್, ಕೂನ್ ಇಬ್ಬರನ್ನೂ ಬೆಸೆಯಲು ಹೊರಟ ತತ್ವಚಿಂತಕ ಲಕಟೋಸ್‌ನನ್ನು ಕೊನೆಗೆ ತನ್ನಿ.