ವಿಡಿಯೋದಲ್ಲಿ ಕಂಡ ತೋಟದ ಮನೆಗೆ ಮುಂಗಡ ಕೊಡಬಹುದೇ?

ಪ್ರಶ್ನೆ: ನಾನು ಮೂಲತಃ ದಾವಣಗೆರೆಯವನು, ಕೆಲಸದ ನಿಮಿತ್ತ ಪುಣೆಯಲ್ಲಿದ್ದೇನೆ. ಹೊಳಲ್ಕೆರೆ ತಾಲ್ಲೂಕಿನಲ್ಲಿ 3 ಎಕರೆ 20 ಗುಂಟೆ ಅಡಿಕೆ ತೋಟ ಮತ್ತು ಅದರೊಳಗಿನ ಎರಡು ಕೋಣೆಯ ಮನೆ ಮಾರಾಟಕ್ಕಿದೆ. ಮಧ್ಯವರ್ತಿಯೊಬ್ಬರು ವರ್ಚುವಲ್ ಟೂರ್ ಮತ್ತು ಡ್ರೋನ್ ವಿಡಿಯೋ ಕಳುಹಿಸಿದ್ದಾರೆ. ಎಲ್ಲವೂ ಚೆನ್ನಾಗಿ ಕಾಣುತ್ತಿದೆ. ಪದೇಪದೇ ರಜೆ ಹಾಕಿ ಬರುವುದು ಕಷ್ಟ. ಇಷ್ಟನ್ನೇ ನೋಡಿ ಮುಂಗಡ ಕೊಡಬಹುದೇ? ನಾವು ಕೃಷಿಕರಲ್ಲ ಎಂಬುದು ತೊಡಕಾಗುತ್ತದೆಯೇ?
– ಹೆಸರು ಬೇಡ

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾಗಿ 79ಎ ಮತ್ತು 79ಬಿ ಕಲಮುಗಳು ರದ್ದಾದ ಮೇಲೆ, ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳಬಹುದು.

ಇನ್ನು ಮುಂಗಡದ ಮಾತು. ಕೊಡಬೇಡಿ. ಹಾಗೆಂದು ಆ ವಿಡಿಯೋಗಳನ್ನು ತಳ್ಳಿಹಾಕಲೂ ಬೇಡಿ. ಹತ್ತು ತೋಟಗಳ ಪೈಕಿ ಏಳೆಂಟನ್ನು ಕುಳಿತಲ್ಲೇ ಬೇಡವೆನ್ನಲು ಅವು ಧಾರಾಳವಾಗಿ ಸಾಕು. ಉಳಿದವುಗಳಲ್ಲಿ ಒಂದನ್ನು ಬೇಕೆನ್ನಲು ಮಾತ್ರ ಸಾಲುವುದಿಲ್ಲ, ಏಕೆಂದರೆ ನಮ್ಮ ಸೀಮೆಯಲ್ಲಿ ತೋಟದ ಮನೆಗೆ ನೀವು ಕೊಡುವ ಬೆಲೆಯಲ್ಲಿ ಬಹುಪಾಲು ನೀರಿನದು ಮತ್ತು ದಾರಿಯದು, ಇವೆರಡೂ ಕ್ಯಾಮೆರಾಕ್ಕೆ ಸರಿಯಾಗಿ ಸಿಗುವುದಿಲ್ಲ.

ಮನೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಅಗಲ ಕೋನದ ಲೆನ್ಸಿನಲ್ಲಿ ಹತ್ತಡಿ ಕೋಣೆಯೂ ಕಲ್ಯಾಣ ಮಂಟಪದಂತೆ ಕಾಣುತ್ತದೆ, ಆದ್ದರಿಂದ ಟೇಪು ಹಿಡಿದು ಅಳೆದ ಅಡಿಗಳನ್ನು ಕೇಳಿ. ಕಿಟಕಿ ಮೂಲೆಗಳಿಂದ ಓರೆಯಾಗಿ ಹೊರಟ ಬಿರುಕುಗಳಿವೆಯೇ ಎಂದು ಹಿಗ್ಗಿಸಿ ನೋಡಿ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಅದರ ಮೇಲಿನ ಮನೆಗಳಲ್ಲಿ ಇಂಥ ಬಿರುಕು ಸಾಮಾನ್ಯ. ಹೊಸದಾಗಿ ಬಣ್ಣ ಬಳಿದ ಗೋಡೆಯಾದರೆ ಇನ್ನಷ್ಟು ಗಮನವಿಟ್ಟು ನೋಡಬೇಕು.

ನೀರಿನ ವಿಷಯಕ್ಕೆ ಬರೋಣ. ಜಗಳೂರು ಕಡೆಯ ಒಂದು ತೋಟದ ಡ್ರೋನ್ ವಿಡಿಯೋ ನೋಡಿ ನಾನೇ ಮರುಳಾಗಿದ್ದೆ, ಅಂಚಿನವರೆಗೂ ಹಸಿರು. ಅದು ಅಕ್ಟೋಬರಿನಲ್ಲಿ, ಮಳೆ ಮುಗಿದ ಹದಿನೈದು ದಿನಕ್ಕೆ ತೆಗೆದದ್ದು. ಏಪ್ರಿಲ್‌ನಲ್ಲಿ ಹೋದಾಗ ಕೆಳಗಿನ ಸಾಲುಗಳ ಗರಿಗಳು ಹಳದಿಯಾಗಿ ಜೋತು ಬಿದ್ದಿದ್ದವು. ಹಾಗಾಗಿ ವಿಡಿಯೋ ತೆಗೆದ ತಿಂಗಳನ್ನು ಮೊದಲು ಕೇಳಿ. ಬಳಿಕ ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆರೆದು, ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳನ್ನು ತೋರಿಸುವ ಸೌಲಭ್ಯದಲ್ಲಿ ಅದೇ ಜಮೀನನ್ನು ಬೇಸಿಗೆಯಿಂದ ಬೇಸಿಗೆಗೆ ಹೋಲಿಸಿ. 2023ರಲ್ಲಿ ಮುಂಗಾರು ಕೈಕೊಟ್ಟು, 2024ರ ಬೇಸಿಗೆಯಲ್ಲಿ ಚನ್ನಗಿರಿ, ಹೊಳಲ್ಕೆರೆ ಭಾಗದ ಅನೇಕರು ಟ್ಯಾಂಕರ್ ನೀರು ಹಾಕಿ ತೋಟ ಉಳಿಸಿಕೊಂಡರು. ಆ ಬೇಸಿಗೆಯ ಚಿತ್ರ ಸಿಕ್ಕರೆ ಅದು ಮಧ್ಯವರ್ತಿಯ ಹತ್ತು ವಿಡಿಯೋಗಳಿಗೆ ಸಮ.

ನಂತರ ತೋಟದಿಂದ ನೇರ ವಿಡಿಯೋ ಕರೆ ಮಾಡಿಸಿ, ಕ್ಯಾಮೆರಾವನ್ನು ಒಂದು ಮರದ ಬುಡದಿಂದ ಸುಳಿಯವರೆಗೆ ನಿಧಾನವಾಗಿ ಏರಿಸಲು ಹೇಳಿ. ನೀರು ಸಾಲದ ವರ್ಷ ಬೆಳೆದ ಭಾಗದಲ್ಲಿ ಅಡಿಕೆ ಮರದ ಗಣ್ಣುಗಳು ಒತ್ತೊತ್ತಾಗಿರುತ್ತವೆ, ಕಾಂಡ ಅಲ್ಲಿ ಸೊಂಟ ಬಿಗಿದಂತೆ ಸಣ್ಣಗಾಗಿರುತ್ತದೆ. ಹಲವು ಮರಗಳಲ್ಲಿ ಒಂದೇ ಎತ್ತರಕ್ಕೆ ಹಾಗೆ ಕಂಡರೆ, ಮಾಲೀಕರು ಏನೇ ಹೇಳಲಿ, ಬೋರು ಒಮ್ಮೆ ಕೈಕೊಟ್ಟಿದೆ ಎಂದೇ ತಿಳಿಯಿರಿ. ಅದೇ ಕರೆಯಲ್ಲಿ ಮೋಟಾರು ಚಾಲೂ ಮಾಡಿಸಿ. ಆದರೆ ಶುರುವಿನ ನೀರನ್ನು ನಂಬಬೇಡಿ, ರಾತ್ರಿಯಿಡೀ ಊರಿ ನಿಂತ ನೀರು ಮೊದಲ ಅರ್ಧ ತಾಸು ರಭಸವಾಗಿಯೇ ಬರುತ್ತದೆ. ಎರಡು ತಾಸು ಬಿಟ್ಟು ಮತ್ತೆ ಕರೆ ಮಾಡಿ, 200 ಲೀಟರಿನ ಡ್ರಮ್ಮನ್ನು ಪೈಪಿನ ಕೆಳಗಿಡಿಸಿ ಎಷ್ಟು ಸೆಕೆಂಡಿಗೆ ತುಂಬುತ್ತದೆ ಎಂದು ಎಣಿಸಿ. ಒಂಬತ್ತಡಿ ಅಂತರದಲ್ಲಿ ನೆಟ್ಟಿದ್ದರೆ ನಿಮ್ಮ ಮೂರೂವರೆ ಎಕರೆಯಲ್ಲಿ ಸುಮಾರು 1,880 ಮರಗಳಿರುತ್ತವೆ. ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 20 ಲೀಟರ್ ಹಿಡಿದರೆ ಬೇಕಾಗುವುದು ಸುಮಾರು 37,600 ಲೀಟರ್. ಡ್ರಮ್ಮು 100 ಸೆಕೆಂಡಿಗೆ ತುಂಬಿದರೆ ಐದೂಕಾಲು ತಾಸಿನ ಕೆಲಸ. 200 ಸೆಕೆಂಡು ಹಿಡಿದರೆ ಹತ್ತೂವರೆ ತಾಸು ಬೇಕು, ಪಂಪ್‌ಸೆಟ್ಟಿಗೆ ಅಷ್ಟು ಹೊತ್ತು ತ್ರೀ ಫೇಸ್ ಕರೆಂಟು ಸಿಗುವುದಿಲ್ಲ. ನೀರು ಗಾಳಿ ಬೆರೆತು ಗುಟುಕು ಗುಟುಕಾಗಿ ಬಂದರಂತೂ ಲೆಕ್ಕ ಹಾಕುವುದೇ ಬೇಡ.

ದಾರಿಯ ವಿಡಿಯೋವನ್ನು ಯಾರೂ ತಾವಾಗಿ ಕಳುಹಿಸುವುದಿಲ್ಲ. ಟೂರ್ ಶುರುವಾಗುವುದೇ ಗೇಟಿನಿಂದ. ಡಾಂಬರು ರಸ್ತೆಯಿಂದ ಗೇಟಿನವರೆಗೆ ಎಲ್ಲೂ ಕತ್ತರಿಸದೆ ತೆಗೆದ ವಿಡಿಯೋ ಕೇಳಿ, ಆ ದಾರಿ ಗ್ರಾಮ ನಕ್ಷೆಯಲ್ಲಿದೆಯೇ ಎಂದು ತಾಳೆ ನೋಡಿ. ನಕಾಶೆ ದಾರಿಯಾದರೆ ನಿಶ್ಚಿಂತೆ. ಪಕ್ಕದ ಹೊಲದವರು ಇಷ್ಟು ದಿನ ವಿಶ್ವಾಸಕ್ಕೆ ಬಿಟ್ಟ ದಾರಿಯಾದರೆ, ಹೊಸ ಮಾಲೀಕ ಬಂದ ಮರುದಿನವೇ ಅಲ್ಲಿ ಮುಳ್ಳುಬೇಲಿ ಬೀಳಬಹುದು. ಡ್ರೋನ್ ವಿಡಿಯೋದಲ್ಲಿ ಕೆಂಪು ಗೆರೆ ಎಳೆದು ತೋರಿಸಿದ ಗಡಿಯನ್ನು ಕಂದಾಯ ಇಲಾಖೆಯ ದಿಶಾಂಕ್ ಆ್ಯಪಿನಲ್ಲಿ ಅದೇ ಸರ್ವೆ ನಂಬರು ಹಾಕಿ ಹೋಲಿಸಿ. ಆ್ಯಪಿನ ಗೆರೆ ಕೆಲವು ಮೀಟರು ಆಚೀಚೆ ಇರಬಹುದು, ಅದು ಅಳತೆಗೆ ಪ್ರಮಾಣವಲ್ಲ. ಆದರೆ ಹಳ್ಳದ ಖರಾಬನ್ನೋ (ಸಾಗುವಳಿಗೆ ಬಾರದ ನೆಲ) ಗೋಮಾಳದ ತುಂಡನ್ನೋ ಸೇರಿಸಿಕೊಂಡು ತೋಟವನ್ನು ದೊಡ್ಡದಾಗಿ ತೋರಿಸಿದ್ದರೆ ಅಲ್ಲೇ ಬಯಲಾಗುತ್ತದೆ.

ಟೂರ್‌ಗಳಿಗೆ ಹಿನ್ನೆಲೆ ಸಂಗೀತ ಹಾಕಿರುತ್ತಾರೆ, ಅದು ನನಗೆ ಸದಾ ಅನುಮಾನದ ವಿಷಯ. ಗಾಳಿಯಂತ್ರ, ಜಲ್ಲಿ ಕ್ರಷರ್, ಅದಿರು ಲಾರಿ ಇವೆಲ್ಲ ಹೊಳಲ್ಕೆರೆ ಇರುವ ಚಿತ್ರದುರ್ಗ ಜಿಲ್ಲೆಯಲ್ಲಿ ಅಪರೂಪವಲ್ಲ. ರಾತ್ರಿ ಹತ್ತಕ್ಕೆ ಅಂಗಳದಲ್ಲಿ ನಿಂತು ಐದು ನಿಮಿಷ ಸುಮ್ಮನೆ ರೆಕಾರ್ಡ್ ಮಾಡಿ ಕಳುಹಿಸಲು ಹೇಳಿ.

ಇಷ್ಟೆಲ್ಲ ದಾಟಿ ಬಂದ ತೋಟಕ್ಕೆ ಮಾತ್ರ ರಜೆ ಹಾಕಿ, ಅದೂ ಏಪ್ರಿಲ್ ಅಥವಾ ಮೇ ತಿಂಗಳಿನಲ್ಲಿ. ಹೊರಡುವ ಮುನ್ನ ಪಹಣಿಯ 11ನೇ ಕಾಲಂನಲ್ಲಿ ಸಾಲವಿದೆಯೇ, ಜಮೀನು ಸರ್ಕಾರದಿಂದ ಮಂಜೂರಾದದ್ದೇ ಎಂದು ವಕೀಲರಿಂದ ಪರಿಶೀಲಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ 1978ರ ಕಾಯ್ದೆಯ ಪ್ರಕಾರ ಆ ಕ್ರಯ ಊರ್ಜಿತವಾಗುವುದಿಲ್ಲ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುತ್ತಿದ್ದರೆ 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ) ಕೈಗೆ ಬರುವವರೆಗೆ ಕಾಯಿರಿ. ಮುಂಗಡ ಕೊಡುವುದು ಆಮೇಲೆ, ಕರಾರು ಪತ್ರದ ಮೇಲೆ, ಬ್ಯಾಂಕಿನ ಮೂಲಕ. ವಿಡಿಯೋದಲ್ಲಿ ಕಂಡ ಮೋಟಾರು, ಸ್ಟಾರ್ಟರು, ಹನಿ ನೀರಾವರಿಯ ಪೈಪುಗಳು ಮತ್ತು ಕೊಳವೆಬಾವಿಯ ವಿದ್ಯುತ್ ಸಂಪರ್ಕವನ್ನು ಆ ಪತ್ರದಲ್ಲಿ ಒಂದೊಂದಾಗಿ ಹೆಸರಿಸಿ ಬರೆಸಿ. ನೋಂದಣಿಯಾದ ವಾರದಲ್ಲಿ ಹೋಗಿ ನೋಡಿದಾಗ ಬೋರಿನ ಬಾಯಿಗೆ ಗೋಣಿಚೀಲ ಕಟ್ಟಿ, ಮೋಟಾರು ಎತ್ತಿಕೊಂಡು ಹೋಗಿದ್ದ ಪ್ರಕರಣವನ್ನು ನಾನೇ ಕಂಡಿದ್ದೇನೆ.