ವಿಯೆನ್ನಾದಲ್ಲಿ ಮನೆಯೂ ಇದೆ, ಪಾರ್ಕೂ ಇದೆ, ಓಟು ಮಾತ್ರ ಇಲ್ಲ

ನಮಸ್ಕಾರ. ಹೆಂಡತಿ ಮತ್ತು ಮೂರು ವರ್ಷದ ಮಗಳ ಜೊತೆ ಬೆಂಗಳೂರಿನಿಂದ ವಿಯೆನ್ನಾಗೆ ಬರುತ್ತಿದ್ದೇವೆ, ಹೊರಗಿನವರಿಗೆ ಅಲ್ಲಿ ನ್ಯಾಯ ಸಿಗುತ್ತದಾ ಎಂದು ಕೇಳಿದ್ದೀರಿ. ಬರುವ ಮುಂಚೆಯೇ ಇದನ್ನು ಕೇಳಿದಿರಲ್ಲ, ನನಗೆ ತುಂಬ ಸಂತೋಷವಾಯಿತು.

ಮೊದಲು ಮನೆಯ ವಿಚಾರ. ಈ ಊರಿನ ಅತಿ ದೊಡ್ಡ ಮನೆಮಾಲೀಕ ನಗರಾಡಳಿತವೇ, ಸುಮಾರು 2,20,000 ಮನೆಗಳಿವೆ. 1923ರಲ್ಲಿ ದೊಡ್ಡ ಮನೆಗಳವರ ಮೇಲೆ ಹೆಚ್ಚಿನ ತೆರಿಗೆ ಹಾಕಿ, ಆ ದುಡ್ಡಿನಲ್ಲಿ ಕಾರ್ಮಿಕರಿಗೆ ಕಟ್ಟಲು ಶುರು ಮಾಡಿದರು. 1930ರಲ್ಲಿ ಉದ್ಘಾಟನೆಯಾದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ವಸತಿ ಸಮುಚ್ಚಯ ಒಂದು ಕಿಲೋಮೀಟರಿಗೂ ಉದ್ದ. ಒಳಗೇ ಬಟ್ಟೆ ಒಗೆಯುವ ಜಾಗ, ಶಿಶುವಿಹಾರ, ಗ್ರಂಥಾಲಯ ಇಟ್ಟಿದ್ದರು. ಆದರೆ ಇಂಥ ಮನೆಗೆ ಅರ್ಜಿ ಹಾಕಲು ನಮಗೆ ಕಾಯಂ ವಾಸದ ಪರವಾನಗಿ ಬೇಕು, ಅದಕ್ಕೆ ಐದು ವರ್ಷ ಬೇಕು. ಅಲ್ಲಿಯವರೆಗೆ ಖಾಸಗಿ ಬಾಡಿಗೆ ಮನೆಯೇ ಗತಿ. ಕರಾರಿಗೆ ಸಹಿ ಹಾಕುವ ಮುಂಚೆ ನಗರದ ಉಚಿತ ಸಲಹಾ ಕೇಂದ್ರ ‘ಮೀಟರ್‌ಹಿಲ್ಫೆ’ಗೆ ತೋರಿಸಿ. 2023ರ ಜುಲೈಯಿಂದ ದಲ್ಲಾಳಿ ಕಮಿಷನ್ ಯಾರು ಅವರನ್ನು ಗೊತ್ತು ಮಾಡಿದರೋ ಅವರದೇ ಹೊಣೆ. ನಿಮ್ಮನ್ನು ಕೇಳಿದರೆ ಕೊಡಬೇಡಿ.

ನಿಮ್ಮ ಮಗಳಿಗೆ ಇದು ಒಳ್ಳೆಯ ಊರು. 2009ರಿಂದ ಕಿಂಡರ್‌ಗಾರ್ಟನ್‌ಗೆ ಶುಲ್ಕವಿಲ್ಲ, ಊಟದ ಖರ್ಚು ಬೇರೆ. ನನಗೆ ಇನ್ನೂ ಹೆಚ್ಚು ಇಷ್ಟವಾಗುವುದು ಪಾರ್ಕುಗಳ ಕಥೆ. ಒಂಬತ್ತು ಹತ್ತು ವರ್ಷ ದಾಟಿದ ಹುಡುಗಿಯರು ಪಾರ್ಕಿಗೆ ಬರುವುದನ್ನೇ ಬಿಡುತ್ತಾರೆ ಎಂದು ತೊಂಬತ್ತರ ದಶಕದಲ್ಲಿ ಇಲ್ಲಿಯವರು ಗಮನಿಸಿದರು. ಹುಡುಗಿಯರನ್ನು ದೂರಲಿಲ್ಲ, ಪಾರ್ಕನ್ನೇ ಬದಲಿಸಿದರು. ಮಾರ್ಗರೇಟನ್ ಬಡಾವಣೆಯ ಐನ್‌ಸೀಡ್ಲರ್ ಪಾರ್ಕಿನಲ್ಲಿ ಒಂದೇ ದೊಡ್ಡ ಮೈದಾನವನ್ನು ಒಂದೇ ಗುಂಪು ಹಿಡಿದುಕೊಳ್ಳದಂತೆ ಜಾಗವನ್ನು ಭಾಗ ಮಾಡಿ, ಹಾದಿಗಳನ್ನು ಹೆಚ್ಚಿಸಿದರು, ವಾಲಿಬಾಲ್, ಬ್ಯಾಡ್ಮಿಂಟನ್‌ಗೆ ಎಡೆ ಮಾಡಿದರು. ಹುಡುಗಿಯರು ಮತ್ತೆ ಬಂದರು. ಫ್ಲೋರಿಡ್ಸ್‌ಡಾರ್ಫ್ ಬಡಾವಣೆಯಲ್ಲಿ 1997ರಲ್ಲಿ ಮುಗಿದ ಫ್ರೌಯೆನ್ ವೆರ್ಕ್ ಸ್ಟಾಟ್ ವಸತಿಯನ್ನು ವಿನ್ಯಾಸ ಮಾಡಿದವರೆಲ್ಲ ಮಹಿಳೆಯರೇ. ಒಮ್ಮೆ ಹೋಗಿ ನೋಡಿ ಬನ್ನಿ, ನಿಮ್ಮ ಹೆಂಡತಿಯವರಿಗೂ ಹಿಡಿಸಬಹುದು.

ಇಷ್ಟೆಲ್ಲ ಇದ್ದೂ ಮನಸ್ಸಿಗೆ ಕಹಿಯಾಗುವ ಮಾತೊಂದಿದೆ. ಓಟು ಹಾಕುವ ವಯಸ್ಸಿನ ವಿಯೆನ್ನಾ ನಿವಾಸಿಗಳಲ್ಲಿ ಮೂವರಲ್ಲಿ ಒಬ್ಬರಿಗೆ ನಗರದ ಚುನಾವಣೆಯಲ್ಲಿ ಓಟಿಲ್ಲ, ಏಕೆಂದರೆ ಅವರು ಆಸ್ಟ್ರಿಯಾದ ಪ್ರಜೆಗಳಲ್ಲ. ಯುರೋಪಿಯನ್ ಒಕ್ಕೂಟದವರಿಗೆ ತಮ್ಮ ಬಡಾವಣೆಯ ಮಟ್ಟದಲ್ಲಾದರೂ ಇದೆ, ನಮಗೆ ಅದೂ ಇಲ್ಲ. ಐದು ವರ್ಷ ವಾಸವಿದ್ದ ಎಲ್ಲರಿಗೂ ಆ ಹಕ್ಕು ಕೊಡಲು ನಗರ ಕಾನೂನು ಮಾಡಿತ್ತು. 2004ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಅದನ್ನು ರದ್ದು ಮಾಡಿತು. ಪೌರತ್ವಕ್ಕೆ ಸಾಮಾನ್ಯವಾಗಿ ಹತ್ತು ವರ್ಷ ಕಾಯಬೇಕು, ಭಾರತದ ಪಾಸ್‌ಪೋರ್ಟನ್ನೂ ಬಿಡಬೇಕು. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ, ಓಟಿದ್ದೂ ಹಾಕಲಾಗದ ಸಂಕಟ ನಿಮಗೆ ಗೊತ್ತೇ ಇದೆ. ಇಲ್ಲಿ ಚುನಾವಣೆ ಸರಿಯಾಗಿ ನಡೆಯುತ್ತದೆ, ನಾವು ಹೊರಗೆ ನಿಂತಿರುತ್ತೇವೆ. ಊರು ಚೆನ್ನಾಗಿ ನೋಡಿಕೊಂಡರೆ ಸಾಕಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ.

ನಿಮಗೊಂದು ದಾರಿಯಿದೆ. ಕೆಲಸಕ್ಕೆ ಸೇರಿದೊಡನೆ ನೀವು ಅರ್ಬೈಟರ್‌ಕಾಮರ್ ಎಂಬ ನೌಕರರ ಸಂಸ್ಥೆಯ ಸದಸ್ಯರಾಗುತ್ತೀರಿ, ಸಂಬಳದ ಅರ್ಧ ಶೇಕಡಾ ಅದಕ್ಕೆ ಹೋಗುತ್ತದೆ. ಕೆಲಸದ ತಕರಾರುಗಳಿಗೆ ಅಲ್ಲಿ ಕಾನೂನು ಸಲಹೆ ಸಿಗುತ್ತದೆ. ಐದು ವರ್ಷಕ್ಕೊಮ್ಮೆ ಅದರ ಚುನಾವಣೆ, ಯಾವ ದೇಶದ ಪಾಸ್‌ಪೋರ್ಟ್ ಇದ್ದರೂ ಓಟಿದೆ, ಸ್ಪರ್ಧಿಸಲೂ ಬಹುದು.

ವೃದ್ಧರ ಮನೆಯಲ್ಲೇ ಉಳಿದು ಹಗಲೂ ರಾತ್ರಿ ಆರೈಕೆ ಮಾಡುವ ಸ್ಲೊವಾಕಿಯಾ, ರೊಮೇನಿಯಾದ ಹೆಣ್ಣುಮಕ್ಕಳಿಗೆ ಈ ಓಟಿಲ್ಲ. ಹೆಚ್ಚಿನವರು ಸ್ವಂತ ಉದ್ಯೋಗಿಗಳೆಂದು ನೋಂದಣಿಯಾಗಿರುವುದರಿಂದ ನೌಕರರ ಲೆಕ್ಕಕ್ಕೇ ಬರುವುದಿಲ್ಲ. ತಾಯ್ನಾಡಿನಲ್ಲಿ ಬಿಟ್ಟು ಬಂದ ಅವರ ಮಕ್ಕಳ ಭತ್ಯೆಯನ್ನು ಸರ್ಕಾರ 2019ರಲ್ಲಿ ಕಡಿತ ಮಾಡಿತ್ತು. ಯುರೋಪಿಯನ್ ನ್ಯಾಯಾಲಯ 2022ರಲ್ಲಿ ಅದು ತಪ್ಪೆಂದು ತೀರ್ಪು ಕೊಟ್ಟಿತು. ನಿಮ್ಮ ಕಟ್ಟಡದ ಮೆಟ್ಟಿಲಿನಲ್ಲೇ ಅಂಥವರೊಬ್ಬರು ಸಿಗಬಹುದು. ದಯವಿಟ್ಟು ಹೆಸರು ಕೇಳಿ, ಮಾತಾಡಿಸಿ. ಹೊರಗಿನವರಿಗೆ ನ್ಯಾಯ ಸಿಗುತ್ತದಾ ಎಂಬ ನಿಮ್ಮ ಪ್ರಶ್ನೆಗೆ ನನಗಿಂತ ಅವರು ಚೆನ್ನಾಗಿ ಉತ್ತರ ಕೊಡುತ್ತಾರೆ.